ಹನ್ನೆರಡು ಕಿಲೋದ ಮಗು

ಪುತ್ತೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ ಸಿಗುತ್ತದೆ ಎಂದರೆ ಪಿಯುಸಿ ಮಕ್ಕಳು ಮರುಮಾತಿಲ್ಲದೆ ಬರೆದುಕೊಳ್ಳುತ್ತಾರೆ. ಮನೆಯವರಿಗೆ ಹೇಳಿದ್ದೇ ತಪ್ಪಾಯಿತು.

ಸಂಪಾಜೆಯಲ್ಲಿ ನೆಂಟರ ಹೊಸ ಮನೆಯ ಒಕ್ಕಲಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವರು ನನ್ನ ಗಂಡ. ಪಕ್ಕದಲ್ಲಿ ಅವರ ಅಣ್ಣ, ಅಂದರೆ ನನ್ನ ಭಾವ. ಅವರ ಮಡಿಲಲ್ಲಿ ಎರಡು ವರ್ಷದ ಮಗಳು. ಹಿಂದಿನ ಸೀಟಿನಲ್ಲಿ ನಾನು ಮತ್ತು ಮಗುವಿನ ತಾಯಿ, ನಾನು ಅಕ್ಕ ಎಂದು ಕರೆಯುವ ಓರಗಿತ್ತಿ. ಸುಳ್ಯ ದಾಟಿದ ಮೇಲೆ ತಡೆಯಲಾರದೆ ಹೇಳಿದೆ, "ಭಾವ, ಮಗುವನ್ನು ಹಿಂದೆ ಕೊಡಿ."

"ಎಂತಕ್ಕೆ? ಗಟ್ಟಿ ಹಿಡ್ಕೊಂಡಿದ್ದೇನೆ. ಅಡಿಕೆ ಗೋಣಿ ಹೊರುವ ಕೈ ಇದು. ಹನ್ನೆರಡು ಕಿಲೋದ ಮಗುವನ್ನು ಹಿಡಿಲಿಕ್ಕೆ ಆಗುದಿಲ್ವಾ?"

ಲೆಕ್ಕ ಹೇಳಿದೆ. ಗಂಟೆಗೆ ಐವತ್ತನಾಲ್ಕು ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹದಿನೈದು ಮೀಟರ್. ಕಾರು ಯಾವುದಕ್ಕಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ವೇಗ ತಗ್ಗುವ ದರ ನೂರೈವತ್ತು. ಅದನ್ನು ಹನ್ನೆರಡರಿಂದ ಗುಣಿಸಿದರೆ ಸಾವಿರದ ಎಂಟುನೂರು ನ್ಯೂಟನ್. "ನೂರೆಂಬತ್ತು ಕಿಲೋ ಎತ್ತಿ ಹಿಡಿದ ಹಾಗೆ, ಭಾವ. ನಿಮ್ಮಿಂದ ಆಗುದಿಲ್ಲ."

"ಕಾರಲ್ಲೂ ಪಾಠವಾ ಮಾರಾಯ್ತಿ," ಎಂದು ಅವರು ನಕ್ಕರು. ಗಂಡನೂ ನಕ್ಕರು.

ಕಲ್ಲುಗುಂಡಿ ಹತ್ತಿರ ಮುಂದಿದ್ದ ಪಿಕಪ್ ಗಕ್ಕನೆ ನಿಂತಿತು. ಬ್ರೇಕ್ ಹಾಕಿದ್ದರಿಂದ ವೇಗ ಬಹಳಷ್ಟು ಇಳಿದಿತ್ತು, ಆದರೂ ನಮ್ಮ ಕಾರು ಅದರ ಹಿಂಭಾಗಕ್ಕೆ ಗುದ್ದಿತು. ಮಗು ಭಾವನ ಕೈತಪ್ಪಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹುಬ್ಬು ಒಡೆದು ಮುಖವೆಲ್ಲ ರಕ್ತ.

ಸುಳ್ಯದ ಆಸ್ಪತ್ರೆಗೆ ವಾಪಸು ಓಡಿದೆವು. ಹೊಲಿಗೆ ಹಾಕಿದರು. ಬೇರೇನೂ ಆಗಿಲ್ಲವೆಂದು ಡಾಕ್ಟರು ಹೇಳಿ ಹೋದ ಮೇಲೆ ಭಾವ ನನ್ನತ್ತ ತಿರುಗಿದರು. "ಹೊರಟ ದಾರಿಯಲ್ಲಿ ಅಪಶಕುನದ ಮಾತಾಡಿದ್ರೆ ಹೀಗೇ ಆಗುದು."

ನನ್ನ ಕಿವಿ ಬಿಸಿಯಾಯಿತು. "ನಾನು ಬಾಯಿ ಮುಚ್ಚಿ ಕೂತಿದ್ರೆ ಆ ಪಿಕಪ್ ನಿಲ್ತಿರಲಿಲ್ವಾ?" ಎಂದು ಕೇಳಿದೆ. ಪಕ್ಕದಲ್ಲೇ ನಿಂತಿದ್ದ ಗಂಡ, "ಈಗ ಅದೆಲ್ಲ ಯಾಕೆ," ಎಂದರು. ಗುದ್ದಿದವರಿಗೆ ಒಂದು ಮಾತಿಲ್ಲ, ಎಚ್ಚರಿಸಿದವಳಿಗೆ ಬೈಗುಳ.

ಹೊರಗೆ ಬಂದ ಭಾವ ಪುನಃ ಮುಂದಿನ ಸೀಟಿನಲ್ಲಿ ಕುಳಿತು ಮಗುವಿಗಾಗಿ ಕೈ ಚಾಚಿದರು. ಅಕ್ಕ ಕೊಡಲಿಲ್ಲ. ಅವರು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಮಗುವಿನ ಸೀಟು ತಂದು ಕಾರಿಗೆ ಹಾಕಿ. ಅಲ್ಲಿವರೆಗೆ ನಾವು ಬಸ್ಸಲ್ಲಿ ಹೋಗುದು," ಎಂದವರೇ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ನಾನೂ ಹಿಂದೆಯೇ ಹೋದೆ.

ಆ ವಾರದಲ್ಲೇ ಸೀಟು ಬಂತು. ಭಾವನೇ ತಂದರು, ಬೆಲ್ಟು ಬಿಗಿಯುವುದನ್ನೂ ಕಲಿತರು. ಆದರೆ ಮಗುವಿನ ಹುಬ್ಬಿನ ಗೆರೆ ಕಂಡು ಯಾರಾದರೂ ವಿಚಾರಿಸಿದರೆ ಇವತ್ತಿಗೂ ನನ್ನತ್ತ ಬೆರಳು ತೋರಿಸಿ, "ಇವಳು ಬಾಯಿ ಬಿಟ್ಟದ್ದು, ಹಾಗೇ ಆಯ್ತು," ಎನ್ನುತ್ತಾರೆ. ಕೇಳಿದವರು ನನ್ನನ್ನು ಒಂದು ಥರ ನೋಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.