ಕ್ಯಾಪ್ಟನ್ ಸಾರ್ ಭುಜದ ಹಗ್ಗ

ಮೊನ್ನೆ ಸೊಸೆ ಬಾಲ್ಕನಿಯಲ್ಲಿ ಕೂತು ದೀಪದ ಕಂಬಗಳಿಗೆ ಹಿತ್ತಾಳೆ ಪಾಲಿಶ್ ಹಾಕ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರು ಮನೆ ಕ್ಯಾಪ್ಟನ್ ಸಾರ್ ನೆನಪಾದರು. ಪ್ರತಿ ಆಗಸ್ಟ್ ಹದಿನಾಲ್ಕರ ಸಂಜೆ ಜಗಲಿ ಮೇಲೆ ಹಳೇ ಪೇಪರ್ ಹಾಸ್ಕೊಂಡು, ಸಮವಸ್ತ್ರದ ಗುಂಡಿಗಳನ್ನ ಒಂದೊಂದಾಗಿ ಉಜ್ಜುತ್ತಾ ಕೂರೋರು. ನಾನು ಕಿಟಕಿಯಿಂದ ನೋಡಿ ಹೊಟ್ಟೆ ಉರ್ಕೊಳ್ತಿದ್ದೆ.

ಸುಳ್ಳು ಯಾಕೆ ಹೇಳಲಿ. ಇಬ್ಬರದೂ ಒಂದೇ ರೆಜಿಮೆಂಟು. ನಾನು ಹವಾಲ್ದಾರನಾಗಿಯೇ ಗಂಟುಮೂಟೆ ಕಟ್ಟಿ ಚಂದ್ರಾ ಲೇಔಟಿಗೆ ಬಂದೆ. ಅವರು ಸುಬೇದಾರರಾಗಿ, ಹೊರಬರುವಾಗ ಗೌರವ ಕ್ಯಾಪ್ಟನ್ ಅಂತಾನೂ ಅನ್ನಿಸಿಕೊಂಡು ಬಂದರು. ಆ ಪದವಿ ಇದ್ದವರು ರಾಷ್ಟ್ರೀಯ ಹಬ್ಬಕ್ಕೆ ಪೂರ್ತಿ ಸಮವಸ್ತ್ರ ತೊಡಬಹುದು. ಪಾರ್ಕಿನಲ್ಲಿ ಬಾವುಟ ಹಾರಿಸೋಕೆ ಜನಕ್ಕೆ ಅವರೇ ಬೇಕು. ನಾನು ಸಫಾರಿ ಹಾಕ್ಕೊಂಡು ಹಿಂದಿನ ಸಾಲಲ್ಲಿ ಚಪ್ಪಾಳೆ ತಟ್ಟೋನು... ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಕುಕ್ಕುತ್ತಿದ್ದದ್ದು ಅವರ ಭುಜದಿಂದ ಜೇಬಿಗೆ ಇಳಿಯುತ್ತಿದ್ದ ಹೆಣೆದ ಹಗ್ಗ. ನಮ್ಮ ರೆಜಿಮೆಂಟಿನ ಬಣ್ಣದ್ದು.

ಒಂದು ವರ್ಷ ಸೇನೆಯ ಹಿರಿಯ ಅಧಿಕಾರಿಗಳ ಡ್ರೆಸ್ ಬದಲಾಯಿತು. ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ತರಹದ್ದು, ಹಗ್ಗ ಇಲ್ಲ. ಮಾಜಿ ಸೈನಿಕರ ವಾಟ್ಸಪ್ ಗ್ರೂಪಿನಲ್ಲಿ ಜಗಳವೋ ಜಗಳ. ರೆಜಿಮೆಂಟಿನ ಗುರುತೇ ಹೋಯ್ತು ಅಂತ ಒಬ್ಬರು, ಬ್ರಿಟಿಷರ ಕಾಲದ್ದು ತೊಲಗಲಿ ಅಂತ ಇನ್ನೊಬ್ಬರು. ರಜೆಗೆ ಬಂದಿದ್ದ ನಾಗರಬಾವಿಯ ಒಬ್ಬ ಸಿಪಾಯಿ ಮಾತ್ರ, ಅದನ್ನ ಒಗೆದು ಕಟ್ಟೋ ಕಷ್ಟ ನಮಗೂ ತಪ್ಪಿಸಿದ್ರೆ ಸಾಕಿತ್ತು ಅಂದ.

ಕ್ಯಾಪ್ಟನ್ ಸಾರ್ ಹತ್ರ ಇದ್ದದ್ದು ಬಟನ್ ಫೋನು. ಗ್ರೂಪಿನ ಸುದ್ದಿಯನ್ನೆಲ್ಲ ದರ್ಶಿನಿಯಲ್ಲಿ ಕಾಫಿ ಕುಡೀತಾ ನಾನೇ ಓದಿ ಹೇಳ್ತಿದ್ದೆ. ಅವತ್ತೂ ಓದಿದೆ. ಬ್ರಿಗೇಡಿಯರ್ ಮತ್ತು ಮೇಲಿನವರಿಗೆ ಅನ್ನೋ ಮಾತು ಬಂದಾಗ... ನುಂಗಿಬಿಟ್ಟೆ.

“ಎಲ್ಲರಿಗೂ ಅಂತೆ ಸಾರ್. ಇನ್ಮೇಲೆ ಹಗ್ಗ ಇಲ್ಲ.”

ಅವರು ಲೋಟ ಕೆಳಗಿಟ್ಟರು. “ನನಗೇನೋ ಇಷ್ಟ ಇಲ್ಲ ಕಣಪ್ಪ. ಆದ್ರೆ ಆರ್ಡರ್ ಅಂದ್ಮೇಲೆ ಆರ್ಡರ್.”

ಆ ಆಗಸ್ಟ್ ಹದಿನೈದಕ್ಕೆ ಬೋಳು ಭುಜದಲ್ಲೇ ಬಾವುಟ ಹಾರಿಸಿದರು. ನನಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ನಿಜ ಹೇಳಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಅಂತ ಮುಂದೂಡಿದೆ. ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು.

ಕೊನೇ ಸಲ ಸಮವಸ್ತ್ರ ತೊಡಿಸಿ ಮಲಗಿಸಿದ್ದರು. ಅವರ ಮಗಳು ಹಗ್ಗ ಹಿಡ್ಕೊಂಡು ನನ್ನ ಹತ್ರ ಬಂದಳು.

“ಅಂಕಲ್, ರೂಲ್ ಬದಲಾಗಿದೆ ಅಂತ ಅಪ್ಪ ಇದನ್ನ ತೆಗೆದಿಟ್ಟಿದ್ರು. ಇವತ್ತೊಂದಿನ ಹಾಕಬಹುದಾ?”

ಹಾಕಮ್ಮ ಅಂದ್ರೆ, ಮತ್ತೆ ಅಪ್ಪನಿಗೆ ಯಾಕೆ ಹಾಗೆ ಹೇಳಿದ್ರಿ ಅಂತ ಕೇಳ್ತಾಳೆ. ಬಾಗಿಲಲ್ಲಿ ಹಳೇ ಸೈನಿಕರೆಲ್ಲ ನಿಂತಿದ್ದರು, ಅವರ ಕಿವಿಗೂ ಬೀಳುತ್ತೆ...

“ಬೇಡಮ್ಮ,” ಅಂದೆ.

ಈಗ ಪಾರ್ಕಿನಲ್ಲಿ ಬಾವುಟ ಹಾರಿಸೋಕೆ ನನ್ನನ್ನೇ ಕರೀತಾರೆ. ಹೋಗ್ತೀನಿ, ಹಾರಿಸ್ತೀನಿ, ಜನ ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಬಂದ್ರೆ ಎದುರು ಜಗಲಿ ಖಾಲಿ. ಅವರ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ. ಇಷ್ಟ ಇಲ್ಲದಿದ್ರೂ, ನನ್ನಂಥವನ ಮಾತು ನಂಬಿ ಪಾಲಿಸಿಬಿಟ್ಟರಲ್ಲ... ಅಂಥ ಸೈನಿಕನಾಗೋಕೆ ನನ್ನ ಕೈಲಿ ಒಂದು ದಿನವೂ ಆಗಲಿಲ್ಲ.