ಕಡಲನ್ನು ಅಳೆದ ಹುರಿಗಳು

ಐವತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹಂಗಾಮಿ ಉಪಾಧ್ಯಾಯಿನಿ. ವರ್ಷದ ಕೊನೆಗೆ ಕೆಲಸ ಖಾಯಂ ಆಗದಿದ್ದರೆ ಬದನಗುಪ್ಪೆಗೆ ವಾಪಸು ಬಂದು ಮದುವೆಯಾಗಬೇಕೆಂದು ಅಪ್ಪ ಹೇಳಿದ್ದರು. ವಾಪಸು ಹೋಗುವುದು ನನಗೆ ಸುತರಾಂ ಬೇಕಿರಲಿಲ್ಲ. ಚಾಮರಾಜನಗರದಿಂದ ಬರುವ ಇನ್‌ಸ್ಪೆಕ್ಟರು ನನ್ನ ಬಗ್ಗೆ ಏನು ಬರೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಆಷಾಢದ ಒಂದು ಸಂತೆಯ ದಿನ ಭೂಗೋಳದ ಪಾಠ. ಮಳೆಗಾಲದಲ್ಲಿ ನಮ್ಮ ಕೆರೆ ತುಂಬುವ ಹಾಗೆ ಪಡುವಣ ಕಡಲೂ ಏರುತ್ತದೆ ಎಂದೆ. ಅದು ಪುಸ್ತಕದಲ್ಲಿ ಇರಲಿಲ್ಲ, ನನ್ನದೇ ಜಾಣತನ. ಕಡಲನ್ನು ನಾನು ಕಂಡವಳೇ ಅಲ್ಲ. ಕಿಟಕಿಯಾಚೆ ಗೋಡೆಗೊರಗಿ ಒಣಮೀನು ಮಾರುತ್ತಿದ್ದ ಮಲಬಾರಿನ ಹೆಂಗಸು ಗೊಳ್ಳೆಂದು ನಕ್ಕಳು.

"ಇಲ್ಲ ಟೀಚರಮ್ಮ, ಮಳೇಲಿ ಕಡಲು ಇಳೀತದೆ. ಏರೋದು ಚಳಿಗಾಲಕ್ಕೆ."

ಮಕ್ಕಳ ಮುಂದೆ ಹಾಗಂದದ್ದಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಗಂಟೆ ಹೊಡೆದ ಮೇಲೆ ಜಗಳಕ್ಕೇ ಹೋದೆ. ಅಷ್ಟೊಂದು ಹೊಳೆಗಳು ಬಂದು ಸೇರುವಾಗ ಇಳಿಯುವುದು ಹೇಗೆ ಎಂದು ಕೇಳಿದೆ.

"ನಿಮ್ಮ ಕೆರೆ ಅಲ್ಲ ಅದು," ಎಂದಳು. "ಮಳೆಗಾಲದ ಗಾಳಿ ಮೇಲಿನ ನೀರನ್ನ ದೂರ ತಳ್ತದೆ. ಅಡಿಯಿಂದ ತಣ್ಣೀರು ಬರ್ತದೆ, ಕೈ ಇಟ್ರೆ ಗೊತ್ತಾಗ್ತದೆ. ಅದರ ಹಿಂದೇನೇ ಮತ್ತಿ ಮೀನು ಬರೋದು."

ಹಾಗಾದರೆ ಅಳೆದು ತೋರಿಸು ಎಂದೆ. ಸುಮ್ಮನೆ ಸೋಲೊಪ್ಪುವ ಜಾಯಮಾನ ನನ್ನದಲ್ಲ.

ಮೀನು ತರಲು ಅವಳು ತಿಂಗಳಿಗೊಮ್ಮೆ ಹೋಗಿಬರುತ್ತಿದ್ದ ತನ್ನೂರಿನಲ್ಲಿ ಬಂಡೆಗಳ ಮರೆಗೆ, ಅಲೆ ತಟ್ಟದ ಕಡೆ, ದೋಣಿ ಕಟ್ಟುವ ಕಲ್ಲುಕಂಬವಿತ್ತಂತೆ. ಕಡಲು ದಿನವೂ ಏರಿಳಿಯುವುದರಿಂದ ಕಂಡಕಂಡಾಗ ಅಳೆದರೆ ಪ್ರಯೋಜನವಿಲ್ಲವೆಂದು ಅವಳೇ ಹೇಳಿಕೊಟ್ಟಳು. ಪ್ರತಿ ಹುಣ್ಣಿಮೆಯ ಹಗಲು, ನೀರು ಏರಿ ನಿಂತ ಗಳಿಗೆಯಲ್ಲಿ, ಕಂಬದ ತುದಿಯಿಂದ ನೀರಿನವರೆಗೆ ತೆಂಗಿನ ನಾರಿನ ಹುರಿ ಇಳಿಬಿಟ್ಟು ಅಷ್ಟಕ್ಕೇ ಕತ್ತರಿಸಿ ತರುವುದೆಂದು ಮಾತಾಯಿತು. ಹುರಿ ಉದ್ದವಿದ್ದಷ್ಟೂ ಕಡಲು ತಗ್ಗು.

ಶ್ರಾವಣದ ಹುರಿ ಬಂತು. ತರಗತಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಭಾದ್ರಪದದ್ದೂ ಹೆಚ್ಚುಕಡಿಮೆ ಅಷ್ಟೇ ಉದ್ದ. ದೀಪಾವಳಿ ಕಳೆದ ಮೇಲೆ ಗಿಡ್ಡವಾಗುತ್ತ ಬಂದವು. ಪುಷ್ಯದ ಆರನೆಯ ಹುರಿ ಮೊದಲನೆಯದಕ್ಕಿಂತ ಒಂದು ಗೇಣು ಕಡಿಮೆಯಿತ್ತು. ನಡುವೆ ಒಂದು ದಿನ, ಅವಳು ಹೇಳಿದ ತಣ್ಣೀರಿನ ಮಾತನ್ನು ಪರೀಕ್ಷಿಸಲು, ಹರಳೆಣ್ಣೆಯ ಸೀಸೆಗೆ ಕುತ್ತಿಗೆಯವರೆಗೆ ಬಿಸಿನೀರು ತುಂಬಿ ಬಿರಟೆ ಹಾಕಿಟ್ಟೆ. ಆರಿದ ಮೇಲೆ ನೀರು ಇಳಿದದ್ದನ್ನು ಮಕ್ಕಳೇ ತೋರಿಸಿದರು. ತಣ್ಣೀರಿಗೆ ಕಡಿಮೆ ಜಾಗ ಸಾಕು. ಮಳೆಗಾಲದ ಗಾಳಿ, ತೆಂಕಲಿಗೆ ಹರಿಯುವ ಪ್ರವಾಹ, ಅಡಿಯ ತಣ್ಣೀರು ಎಲ್ಲ ಸೇರಿ ಆ ಕರಾವಳಿಯ ಕಡಲನ್ನು ತಗ್ಗಿಸುತ್ತವೆ ಎಂದು ದಪ್ಪ ಪುಸ್ತಕವೊಂದರಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಮೊದಲು ಹೇಳಿಕೊಟ್ಟದ್ದು ತಪ್ಪು ಎಂದು ಮಕ್ಕಳಿಗೆ ಹೇಳಿದೆ. ನಾಚಿಕೆಯಾಯಿತು, ಆದರೂ ಹೇಳಿದೆ. ಹೆಡ್‌ಮಾಸ್ತರಿಗೆ ದಿಗಿಲು. "ಇನ್‌ಸ್ಪೆಕ್ಟ್ರು ಬಂದೋಗಗಂಟ ಕೆರೆ ಪಾಠನೇ ಇರ್ಲಿ ಬುಡಿ ಕಣಮ್ಮ. ಆ ಹುರಿ ಎಲ್ಲ ತೆಗುದ್ಬುಡಿ," ಎಂದರು.

"ಆಗಲ್ಲ ಸಾರ್," ಎಂದೆ.

ಇನ್‌ಸ್ಪೆಕ್ಟರು ಬಂದವರೇ ಗೋಡೆ ನೋಡಿ ಇದೇನು ಎಂದರು. ಹಂಗಳದ ಹುಡುಗಿಯೊಬ್ಬಳು ಎದ್ದು ನಿಂತು, "ಕಡಲು ಸಾ. ಮಳೇಲಿ ತಗ್ತದೆ, ಚಳೀಲಿ ಏರ್ತದೆ," ಎಂದಳು.

ಅವರು ನನ್ನ ಕಡೆ ತಿರುಗಿ, "ಅಳೆದವರು ಯಾರು?" ಎಂದರು.

ಮಕ್ಕಳ ಆಟದ ಸಾಮಾನು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಸಂತೆಗೆ ಬರುವ ಒಣಮೀನಿನ ಹೆಂಗಸು ಸಾರ್," ಎಂದೆ. ಅವರು ನಕ್ಕು, ಏನೋ ಬರೆದುಕೊಂಡು ಹೋದರು. ಇನ್ನೊಂದು ವರ್ಷ ಹಂಗಾಮಿಯಾಗಿಯೇ ಇರತಕ್ಕದ್ದು ಎಂದು ಕಾಗದ ಬಂತು. ಅವತ್ತು ನಾನು ಅತ್ತೆ.

ಮುಂದಿನ ಸಂತೆಯ ದಿನ ಅವಳಿಗೆ ಹೇಳಿದೆ. ಬುಟ್ಟಿಯ ಮೇಲಿನ ನೊಣ ಓಡಿಸುವುದನ್ನು ನಿಲ್ಲಿಸಿ, "ನನ್ನಿಂದ ಆಯ್ತಲ್ಲ," ಎಂದಳು.

"ನಿನ್ನಿಂದಲ್ಲ. ಈ ಹುಣ್ಣಿಮೆಯದು ತಂದಿದ್ದೀಯಾ?"

ಮಡಿಲಿನಿಂದ ಸುರುಳಿ ತೆಗೆದು ಕೈಗಿಟ್ಟಳು. ಅಂದೇ ಅಪ್ಪನಿಗೆ ಕಾಗದ ಬರೆದೆ: ಈಗ ಬರುವುದಿಲ್ಲ, ಕಡಲಿನ ಲೆಕ್ಕಕ್ಕೆ ವರ್ಷ ತುಂಬಲು ಇನ್ನೂ ಐದು ಹುಣ್ಣಿಮೆ ಬಾಕಿ ಇವೆ. ಅದನ್ನು ಅಂಚೆಗೆ ಹಾಕಿ ಬಂದು, ಹೆಡ್‌ಮಾಸ್ತರು ನೋಡುತ್ತಿದ್ದ ಹಾಗೆಯೇ ಏಳನೆಯ ಮೊಳೆ ಹೊಡೆದೆ.