ಡಾಕ್ಟರೇಟ್ ಬಗ್ಗೆ ನಾನು ಬರೆದ ಒಂದು ಪುಟ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದೆ. ಕೇಳಬೇಕಾದವರೇ ಹೋದ ಮೇಲೆ ಬರೆಯಲು ಕೂತಿದ್ದೇನೆ. ಇದರಿಂದ ಇನ್ನು ಏನೂ ಸರಿಹೋಗುವುದಿಲ್ಲ.

೧೯೫೮. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ನಾನು ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಕಚೇರಿ ಗುಮಾಸ್ತ. ಓದಿದ್ದು ಎಸ್.ಎಸ್.ಎಲ್.ಸಿ.; ಅದೂ ಒಮ್ಮೆ ಫೇಲಾಗಿ, ಕಿರಿಯರ ಜೊತೆ ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂತು. ಮೊದಲ ವರ್ಷದ ನನ್ನ ಸಹಪಾಠಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಮ್ಮದೇ ಎಸ್ಟೇಟಿಗೆ ನರ್ಸರಿ ಸೂಪರ್‌ವೈಸರ್ ಆಗಿ ಬಂದರು. ಇಬ್ಬರ ಮನೆಮಾತೂ ಅರೆಭಾಷೆ, ‘ಉಂಟು’ ಎನ್ನುವುದನ್ನು ‘ಉಟ್ಟು’ ಎನ್ನುವ ಕೊಡಗಿನ ಕನ್ನಡ. ಕಾಫಿ ಎಲೆಯ ತುಕ್ಕುರೋಗ ಅವರ ಹುಚ್ಚು.

ಆ ಮೇ ತಿಂಗಳಲ್ಲಿ ಅವರಿಗೆ ಅಮೆರಿಕದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತು. ಜುಲೈ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕು. ಇಂತಿಷ್ಟು ವರ್ಷ ದುಡಿಯಬೇಕೆಂಬ ಎಸ್ಟೇಟಿನ ಬಾಂಡ್‌ನಿಂದ ಬಿಡುಗಡೆ, ಹಡಗಿನ ಟಿಕೆಟ್ ಎರಡೂ ಎಸ್ಟೇಟ್ ಕಂಪನಿಯ ಬೋರ್ಡಿನ ಕೈಯಲ್ಲಿದ್ದವು. ಯಾವ ದೇಶದ ಡಾಕ್ಟರೇಟ್ ಸೂಕ್ತವೆಂದು ಬೋರ್ಡ್ ಟಿಪ್ಪಣಿ ಕೇಳಿತು. ಮ್ಯಾನೇಜರ್ ಸಾಹೇಬರು ಅದನ್ನು ನನಗೆ ದಾಟಿಸಿದರು.

“ಒಂದೇ ಪುಟ, ರೈಟರ್. ಎರಡನೇ ಪುಟ ಯಾರೂ ಓದಲ್ಲ.”

ರೈಟರ್ ಬರೆದದ್ದಕ್ಕೆ ಸಾಹೇಬರು ಓದದೆ ಸಹಿ ಹಾಕುವುದು ನಮ್ಮಲ್ಲಿ ರೂಢಿ.

ಸಹಪಾಠಿ ಬಂದು ಎಲ್ಲ ವಿವರಿಸಿದರು. ಇಂಗ್ಲೆಂಡಿನಲ್ಲಿ ನೇರ ಸಂಶೋಧನೆ, ಆದರೆ ಫೀಸು ನಮ್ಮದೇ. ಜರ್ಮನಿಯಲ್ಲಿ ಮೊದಲು ಒಬ್ಬ ಪ್ರೊಫೆಸರ್ ಒಪ್ಪಬೇಕು, ಭಾಷೆ ಕಲಿಯಬೇಕು. ಅಮೆರಿಕದಲ್ಲಿ ಮೊದಲೆರಡು ವರ್ಷ ಪಾಠ, ಪರೀಕ್ಷೆ; ಸಂಶೋಧನೆ ಆಮೇಲೆ. ಅವರಿಗೆ ಅಸಿಸ್ಟೆಂಟ್‌ಶಿಪ್ ಕೊಟ್ಟಿದ್ದರು. ಕಿರಿಯ ವಿದ್ಯಾರ್ಥಿಗಳಿಗೆ ಕಲಿಸಿದರೆ ಫೀಸು ಮಾಫಿ, ಊಟದ ಖರ್ಚೂ ಸಿಗುತ್ತದೆ.

“ಎಂ.ಎಸ್ಸಿ. ಆಗಿ ಪುನಾ ಬೆಂಚಾ? ಬೆತ್ತನೂ ಉಟ್ಟಾ?” ಎಂದು ಚುಚ್ಚಿದೆ.

ಅವರು ನಕ್ಕರು. “ಬೆತ್ತ ಇದ್ದರೂ ಸರಿ ಮಾರಾಯ. ನಂಗೆ ಇದೊಂದೇ ದಾರಿ ಉಟ್ಟು.”

ನಾನು ಬರೆದೆ: ‘ಅಮೆರಿಕದವರು ನಮ್ಮ ಎಂ.ಎಸ್ಸಿ.ಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ತರಗತಿಯಲ್ಲಿ ಕೂರಿಸುತ್ತಾರೆ. ಇಂಗ್ಲೆಂಡೇ ಸೂಕ್ತ.’ ಅಸಿಸ್ಟೆಂಟ್‌ಶಿಪ್ ಮಾತು ಬರೆಯಲಿಲ್ಲ. ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಮತ್ತೆ ಬೆಂಚಿಗೆ ಹೋಗುವುದು ಅವಮಾನವೆಂದು ನಂಬಿ ಹಾಗೆ ಬರೆದೆ ಎಂದು ಎಷ್ಟೋ ಕಾಲ ನನಗೇ ಹೇಳಿಕೊಂಡೆ. ಸುಳ್ಳು. ಅವರು ಹೋಗಬಾರದೆಂದೇ ಬರೆದೆ.

ಜುಲೈ ಕೊನೆಯ ವಾರ ಬೋರ್ಡಿನ ಉತ್ತರ ಬಂತು: ಅಮೆರಿಕಕ್ಕೆ ಬಿಡುಗಡೆ ಇಲ್ಲ, ಇಂಗ್ಲೆಂಡಿಗೆ ಪ್ರಯತ್ನಿಸಬಹುದು. ಅವರು ಕಾಗದ ಹಿಡಿದು ಕಚೇರಿಗೆ ಓಡಿ ಬಂದರು.

“ಅಸಿಸ್ಟೆಂಟ್‌ಶಿಪ್ ವಿಷಯ ಹಾಕಿದ್ಯಾ?”

“ಹಾಕಿದ್ದೆ. ಸಾಹೇಬ್ರು ಬೇಡ ಹೇಳ್ದೊ.”

“ನಾನೇ ಹೋಗಿ ಅವರ ಹತ್ರ ಕೇಳ್ತೆ.”

“ಕೇಳಿರೆ ಇರೋ ಕೆಲ್ಸನೂ ಹೋದು.”

ಅವರು ಸ್ಟೂಲಿನ ಮೇಲೆ ಕೂತು ಕಾಗದ ಮಡಚಿದರು. “ಹಂಗಾರೆ ನಿಂದ್ ತಪ್ಪಿಲ್ಲೆ,” ಎಂದರು. ಕೇಳಲು ಹೋಗಲಿಲ್ಲ. ಗಡುವು ಮುಗಿಯಿತು. ಇಂಗ್ಲೆಂಡಿನ ಫೀಸಿಗೆ ಅವರಲ್ಲಿ ದುಡ್ಡಿರಲಿಲ್ಲ.

ಆಮೇಲೆ ನಿವೃತ್ತಿಯವರೆಗೆ ಅವರು ಸಸಿ ಬುಟ್ಟಿಗೆ ಮಣ್ಣು ತುಂಬಿಸಿದರು. ತುಕ್ಕುರೋಗದ ನೋಟ್‌ಬುಕ್ಕಿನ ಹಾಳೆ ಹರಿದು ಬೀಜದ ಪೊಟ್ಟಣ ಕಟ್ಟುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಮ್ಮತ್ತಿಯ ಪೇಟೆಯಲ್ಲಿ ಸಿಕ್ಕಾಗಲೆಲ್ಲ, “ನೀನಾದ್ರೂ ಬರ್ದಿದ್ದೆಯಲ್ಲ,” ಎಂದು ಹೆಗಲು ತಟ್ಟುತ್ತಿದ್ದರು. ಕಳೆದ ವರ್ಷ ತೀರಿಕೊಂಡರು.

ಬರೆಯದೆ ಬಿಟ್ಟ ಸಾಲಿಗೂ ಬರೆದವನೇ ಹೊಣೆ. ರೈಟರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ನಾನು ಯಾರ ಕ್ಷಮೆ ಕೇಳದೆ ಉಳಿದೆನೋ ಆ ಮನುಷ್ಯನ ಹೆಸರು ಕುಶಾಲಪ್ಪ.